ಕಟ್ಟೆಯ ಮೇಲೆ ಕೂಗಿದ ಹೆಸರು

ಗೋಕಾಕ ಫಾಲ್ಸ್,
ಶನಿವಾರ, ೧೮ ಆಗಸ್ಟ್ ೧೯೩೪

ಪ್ರೀತಿಯ ಯೋಸೇಫ,

ಹೌದು, ಹೆಸರು ಹಿಡಿದೇ ಬರೆದಿದ್ದೇನೆ. ಗಾಬರಿಯಾಗಬೇಡಿ, ಮೊದಲು ನಿಮ್ಮ ಆರೋಗ್ಯ ಹೇಗಿದೆ ತಿಳಿಸಿ. ಮುಂಬಯಿಯ ನೀರು ಒಗ್ಗಿತೇ? ಕೆಮ್ಮು ಹೋಯಿತೇ? ಖಾನಾವಳಿಯ ಚಪಾತಿ ತಿಂದು ತಿಂದು ನಮ್ಮ ರೊಟ್ಟಿ ಮರೆತಿರಾ? ಹೊಸ ಯಂತ್ರ ಕಲಿಯಲು ಗಿರಣಿಯವರು ನಿಮ್ಮನ್ನು ಕಳಿಸಿದ್ದು ಹೆಮ್ಮೆಯೇ, ಆದರೆ ಮದುವೆಯಾದ ಎರಡನೆಯ ತಿಂಗಳಿಗೇ ಕಳಿಸಬೇಕಿತ್ತೇ? ಅತ್ತೆ ಚೆನ್ನಾಗಿದ್ದಾರೆ. ನಾನೂ ಚೆನ್ನಾಗಿದ್ದೇನೆ. ನಿಮ್ಮನ್ನು ನೆನೆದು ಅಳುವುದಿಲ್ಲ. ಅಂದರೆ, ದಿನಾಲೂ ಅಳುವುದಿಲ್ಲ.

ನಮ್ಮ ಸಭೆಯ ಹಿರಿಯರಾದ ರಾಚಪ್ಪ ಕಾಕಾ ನನ್ನ ಮೇಲೆ ದೂರು ಬರೆದು ನಿಮಗೆ ಪತ್ರ ಹಾಕಿದ್ದಾರೆ. ಅದನ್ನು ನಂಬುವ ಮೊದಲು ನಡೆದದ್ದನ್ನು ನನ್ನಿಂದ ಕೇಳಿ. ಹೋದ ವಾರ ಕಂದೀಲಿನ ಗಾಜು ನನ್ನ ಕೈಜಾರಿ ಒಡೆಯಿತು. ಅಪ್ಪ ಮದುವೆಯಲ್ಲಿ ಕೊಟ್ಟ ಕಂದೀಲು! ಅತ್ತು ಅತ್ತು ಮುಖ ಊದಿಸಿಕೊಂಡೆ. ಒಳಗೆ ದೀಪವಿಲ್ಲದ್ದರಿಂದ, ಬೆಳಕಿರುವಾಗಲೇ ಅತ್ತೆಗೆ ಓದಿ ಹೇಳೋಣವೆಂದು ಸತ್ಯವೇದ ಹಿಡಿದು ಹೊರಗಿನ ಕಟ್ಟೆಗೆ ಬಂದೆ. ಅಣ್ಣಂದಿರು ತಮ್ಮನನ್ನು ಬಾವಿಗೆ ತಳ್ಳಿದ ಅಧ್ಯಾಯ ಬಂದಿತ್ತು. ಸಾಲುಸಾಲಿಗೂ ನಿಮ್ಮ ಹೆಸರು! ಇಂಗ್ಲಿಷ್ ಶಾಲೆ ಕಲಿತವಳಾದರೂ ಗಂಡನ ಹೆಸರು ಹೇಳಬಾರದೆಂದು ನನಗೂ ಗೊತ್ತು, ಅದಕ್ಕೆ "ಆ ಹುಡುಗ" ಎಂದು ಓದತೊಡಗಿದೆ. ಅಷ್ಟೊಂದು ಅಣ್ಣತಮ್ಮಂದಿರ ನಡುವೆ ಆ ಹುಡುಗ ಯಾವನೆಂದು ನನಗೇ ಗೊತ್ತಾಗದಂತಾಯಿತು. ಅವನ ತಂದೆಯ ಹೆಸರೋ, ತೀರಿಹೋದ ನಮ್ಮ ಮಾವನವರದು. ಅದನ್ನು ನಾನೂ ಹೇಳುವಂತಿಲ್ಲ, ಅತ್ತೆಯೂ ಹೇಳುವಂತಿಲ್ಲ. ಅತ್ತೆ ಸೊಸೆ ಇಬ್ಬರೂ ಒಂದೇ ಅಧ್ಯಾಯದ ಮುಂದೆ ಬಾಯಿ ಮುಚ್ಚಿ ಕೂತೆವು ನೋಡಿ!

ಅಷ್ಟರಲ್ಲಿ ಪಕ್ಕದ ಮನೆಯ ಕೆಂಪವ್ವ, ಗಿರಣಿಯಲ್ಲಿ ನೂಲು ಸುತ್ತುವವಳು, ಪಾಳಿ ಮುಗಿಸಿ ಬರುತ್ತಿದ್ದವಳು ನಿಂತು ಕೇಳಿದಳು: "ಯಾರವ್ವಾ ಬಾವ್ಯಾಗ ಬಿದ್ದಂವಾ? ಹೆಸರ ಹೇಳ್ತಿಯೋ, ನಾ ಹೋಗ್ಲೋ?" ಈ ತಿಂಗಳಲ್ಲಿ ಘಟಪ್ರಭೆ ಹೇಗೆ ಬೊಬ್ಬೆ ಹೊಡೆಯುತ್ತಾಳೆಂದು ನಿಮಗೆ ಹೇಳಬೇಕೇ? ಒಮ್ಮೆ ಹೇಳಿದೆ, ಕೇಳಿಸಲಿಲ್ಲ. ಗಂಟಲು ಹರಿಯುವಂತೆ "ಯೋಸೇಫ!" ಎಂದು ಕೂಗಿದೆ. ಓಣಿಯೆಲ್ಲ ತಿರುಗಿ ನೋಡಿತು. ಕೆಂಪವ್ವ ನಕ್ಕು ನಕ್ಕು ಅಲ್ಲೇ ಕುಸಿದು ಕೂತಳು. ಕೂತವಳು ಏಳಲಿಲ್ಲ. "ಹೂಂ, ಮುಂದ?" ಎಂದಳು. ಮರುದಿನ ತನ್ನ ಜೊತೆಯವರನ್ನೂ ಕರೆತಂದಳು. ಈಗ ಪಾಳಿ ಬಿಟ್ಟ ಮೇಲೆ ಕಟ್ಟೆ ತುಂಬಿ, ಮೆಟ್ಟಿಲು ತುಂಬಿ, ಕೆಲವರು ಅಂಗಳದಲ್ಲಿ ಕೊಡೆ ಹಿಡಿದು ನಿಲ್ಲುತ್ತಾರೆ. ಕಥೆಯ ಆ ಹುಡುಗ ಬಾವಿಯಿಂದ ಪಾರಾಗಿ, ಮಾರಾಟವಾಗಿ, ಈಗ ಸುಳ್ಳು ಆರೋಪದ ಮೇಲೆ ಜೇಲು ಸೇರಿದ್ದಾನೆ. ಶಾಲೆಯಲ್ಲಿ ಮೇಡಮ್ಮನವರು ದೇವರ ಪರಾಮರಿಕೆ ಎಂದರೇನೆಂದು ಬಾಯಿಪಾಠ ಮಾಡಿಸಿದ್ದರು. ಉತ್ತರ ಬರೆದು ಬಹುಮಾನವನ್ನೂ ತೆಗೆದುಕೊಂಡಿದ್ದೆ. ಎಲ್ಲವನ್ನೂ ದೇವರೇ ನೋಡಿ ನಡೆಸುವುದನ್ನು ಕಣ್ಣಾರೆ ಕಂಡದ್ದು ಮಾತ್ರ ಈಗ. ಗಾಜು ಒಡೆದದ್ದಕ್ಕೆ ಹೊರಗೆ ಬಂದೆ, ಹೊಳೆ ತುಂಬಿದ್ದಕ್ಕೆ ಕೂಗಿದೆ, ಕೂಗಿದ್ದಕ್ಕೆ ಕೆಂಪವ್ವ ಕೂತಳು. ನಗುತ್ತಿದ್ದೀರಾ? ನಗಿ. ನನಗೀಗ ಒಲೆಯ ಹಸಿ ಕಟ್ಟಿಗೆಯಲ್ಲೂ ದೇವರ ಕೈ ಕಾಣುತ್ತದೆ.

ಗುರುವಾರ ಕಾಕಾ ಬಂದರು. "ಗಂಡ ಊರಾಗಿಲ್ಲ, ಸೊಸಿ ಕಟ್ಟಿ ಮ್ಯಾಲೆ ಕುಂತು ಗಂಡನ ಹೆಸರ ಒದರ್ತಾಳ. ಮಂದಿ ಏನಂದಾರು?" ಎಂದು ಅತ್ತೆಯನ್ನು ಗದರಿಸಿದರು. ನಾನು ತಡೆಯಲಾರದೆ, "ಕಾಕಾ, ಮೊದಲ ಹೊಳಿ ಸಪ್ಪಳಾ ಕಡಿಮಿ ಮಾಡಸ್ರಿ, ಆಮ್ಯಾಲೆ ನಾನೂ ಮೆಲ್ಲಕ ಓದ್ತೇನಿ" ಎಂದುಬಿಟ್ಟೆ. ಅವರ ಮುಖ ಕೆಂಪಾಯಿತು. ನಾಳೆ ರವಿವಾರ ಗಾಡಿ ತಂದು ನನ್ನನ್ನು ಹುಕ್ಕೇರಿಗೆ, ತವರಿಗೆ ಬಿಟ್ಟುಬರುತ್ತಾರಂತೆ. ಬುದ್ಧಿ ಕಲಿತ ಮೇಲೆ ನೀವು ಕರೆಸಿಕೊಳ್ಳಬೇಕಂತೆ. ಹೊಸ ಮದುಮಗಳು ಹೀಗೆ ತವರಿಗೆ ಹೋದರೆ ಜನ ಏನು ತಿಳಿಯುತ್ತಾರೆ, ಅಪ್ಪನಿಗೆ ಏನಾಗುತ್ತದೆ? ಅತ್ತೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಅದೇ ನನಗೆ ಭಯ.

ಆದರೆ ನಾನು ನಿಮ್ಮ ಅಪ್ಪಣೆ ಕೇಳಲು ಬರೆಯುತ್ತಿಲ್ಲ. ಗಾಡಿ ಹತ್ತುವುದಿಲ್ಲ. ಹತ್ತು ಎಂದು ನೀವೇ ತಾರು ಹೊಡೆದರೂ ಹತ್ತುವುದಿಲ್ಲ. ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದಂತೆ! ನಿಮ್ಮ ಆಯುಷ್ಯ ದೇವರ ಕೈಯಲ್ಲಿದೆ, ನನ್ನ ನಾಲಿಗೆಯ ಮೇಲಿಲ್ಲ. ಯೋಸೇಫ, ಯೋಸೇಫ, ಯೋಸೇಫ. ಆರಾಮ ಇದ್ದೀರಿ ತಾನೇ?

ದೇವರು ಸದಾ ನಿಮ್ಮ ಮೇಲೆ ಕಣ್ಣಿಟ್ಟಿರಲಿ. ಟ್ರಾಮಿನ ದಾರಿ ದಾಟುವಾಗ ನೀವೂ ಸ್ವಲ್ಪ ಕಣ್ಣಿಡಿ. ಅತ್ತೆಯ ಆಶೀರ್ವಾದಗಳು.

ನಿಮ್ಮವಳೇ ಆದ,
ಸುಗುಣಾ

ತಾ.ಕ.: ರವಿವಾರ, ಅವಸರದಲ್ಲಿ. ಗಾಡಿ ಬಂದಿತ್ತು. ದಾರಿಯಲ್ಲಿ ನನಗೆ ಜೊತೆಗಿರಲೆಂದು ಕಾಕಾ ತಮ್ಮ ಹೆಂಡತಿ ಸತ್ತೆವ್ವನವರನ್ನೂ ಕರೆತಂದಿದ್ದರು. ನಾನು ಬಾಯಿ ತೆರೆಯುವ ಮೊದಲೇ ಕೆಂಪವ್ವ ಎತ್ತುಗಳಿಗೆ ಅಡ್ಡ ನಿಂತಳು: "ಯಪ್ಪಾ, ಆ ಹುಡುಗ ಇನ್ನಾ ಜೇಲಿನ್ಯಾಗ ಅದಾನ್ರಿ! ಅಂವಾ ಹೊರಗ ಬರೂದ್ರಾಗ ಈಕಿನ್ನ ಎಲ್ಲಿ ಒಯ್ತೀರಿ?" ಕಾಕಾ ಸಿಟ್ಟಿನಲ್ಲಿ, "ಅಂವಾ ಮುಂದ ದೊಡ್ಡ..." ಎನ್ನುತ್ತಲೇ ಹೆಂಗಸರೆಲ್ಲ ಕಿವಿ ಮುಚ್ಚಿಕೊಂಡು "ಹೇಳಬ್ಯಾಡ್ರೀ!" ಎಂದು ಚೀರಿದರು. ಅತ್ತೆ ಒಳಗೆ ಹೋದರು. ನನ್ನ ಟ್ರಂಕು ತರುತ್ತಾರೆಂದೇ ಎಣಿಸಿದೆ. ಸತ್ಯವೇದ ತಂದು ನನ್ನ ಮಡಿಲಿಗಿಟ್ಟು, "ಓದವ್ವಾ" ಎಂದರು. ಓದಿದೆ, ಹೆಸರು ಹಿಡಿದೇ ಓದಿದೆ. ಸತ್ತೆವ್ವನವರು ಗಾಡಿಯಿಂದ ಇಳಿದು, ಕೆಂಪವ್ವನನ್ನು ಒಂದಿಷ್ಟು ಸರಿಸಿ, ಕಟ್ಟೆಯ ತುದಿಗೆ ಕೂತರು. ಕಾಕಾ ಎರಡು ಸಲ ಕರೆದರು. ಗಾಡಿ ತಿರುಗಿ ಹೋಗುವಾಗ ಅದರಲ್ಲಿ ಅವರೊಬ್ಬರೇ ಇದ್ದರು.