ದಿ. ನೀಲಗಂಗವ್ವನಿಗೆ ಬರುವ ಅಂಚೆ

ಹುಬ್ಬಳ್ಳಿ, ಫೆಬ್ರವರಿ 30, 2214

ಒಂದೇ ಗುಂಡಿ ಒತ್ತಿ ಸಾವಿರಾರು ಜನರಿಗೆ ಇಮೇಲ್ ಕಳಿಸುವ ಹಿರಿಯರಿಗೆ, ಗುರುಶಾಂತಪ್ಪನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ; ಯಾರು ಮಾಡಿದರು, ಯಾಕೆ ಮಾಡಿದರು ಎಂದು ಕೇಳುವ ತ್ರಾಣ ನನಗಿಲ್ಲ. ಕೆಲವು ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಬೇಕು. ನಿಮ್ಮ ಬಲ್ಕ್ ಇಮೇಲ್‌ಗೆ ನಾವು ತೂರಂಚೆ ಅನ್ನುತ್ತೇವೆ, ಗಾಳಿಗೆ ರಾಶಿ ತೂರಿದ ಹಾಗೆ ತೂರುವುದರಿಂದ. ನಿಮ್ಮ ಕಾಲದ ಇಂಗ್ಲಿಷನ್ನು ಕಾಲೇಜಿನಲ್ಲಿ ಓದಿದ್ದೆ. ಈಗ ನೆನಪಿರುವುದು 'ಕೈಂಡ್ಲಿ ಡು ದಿ ನೀಡ್‌ಫುಲ್', ಅದರ ಜೊತೆ ಚೂರುಪಾರು ವ್ಯಾಕರಣ.

ನಮ್ಮ ತೂರಂಚೆ ಅಡುಗೆಮನೆಯ ಗೋಡೆಯ ಮೇಲೆ ಮೂಡುತ್ತದೆ, ಮುಟ್ಟಿದರೆ ತೆರೆದುಕೊಳ್ಳುತ್ತದೆ. ರೊಟ್ಟಿ ಬಡಿಯುವ ಹೊತ್ತಿಗೆ ಚಪ್ಪಲಿ, ವಿಮೆ, ಹಲ್ಲಿನ ಪುಡಿ ಎಲ್ಲವೂ ಹೆಸರು ಹಿಡಿದು ಕರೆಯುತ್ತವೆ. ಬಹಳ ಮನೆಗಳಲ್ಲಿ ಗೋಡೆಗೆ ಕೌದಿ ಹೊದಿಸಿ ಅಡುಗೆ ಮಾಡುತ್ತಾರೆ. ಇನ್ನೊಂದು ಸಂಗತಿ, ಹೆಸರುಬಾಗಿಲು. ಒಂದು ಊರಿನಲ್ಲಿ ಒಂದು ಹೆಸರಿಗೆ ಒಂದೇ ವಿಳಾಸ. ಇದ್ದವರ ಹೆಸರು ಎಲ್ಲ ಯಾದಿಗಳಿಂದ ಹೋದ ಮೇಲೆಯೇ ಅದು ಹುಟ್ಟಿದವರಿಗೆ.

ನನ್ನ ಹೆಂಡತಿ ನೀಲಗಂಗವ್ವ ತೀರಿಕೊಂಡ ಮೇಲೆ ಮಗಳು ಚಂಪಾವತಿಗೆ ಹೆಣ್ಣು ಕೂಸು ಹುಟ್ಟಿತು. ಅಜ್ಜಿಯ ಹೆಸರೇ ಇಡಬೇಕೆಂದು ಅವಳ ಹಟ, ನನಗೂ ಅದೇ ಆಸೆ. ಆದರೆ ಹೆಸರುಬಾಗಿಲು ಖಾಲಿಯಿಲ್ಲ. ಕುಸುಬೆ ಎಣ್ಣೆ ಮಾರುವ ಕಂಪನಿಯೊಂದರ ಯಾದಿಯಲ್ಲಿ ನೀಲಗಂಗವ್ವ ಇನ್ನೂ ಗಿರಾಕಿ. ಹೆಸರು ತೆಗೆಸಲು ಗಿರಾಕಿಯ ಹೆಬ್ಬೆರಳೇ ಬೇಕಂತೆ. ತೀರಿಕೊಂಡಿದ್ದಾಳೆ ಎಂದು ಬರೆದು ಕಳಿಸಿದೆ. ಅವರು ಗೌರವದಿಂದ ಹೆಸರಿನ ಮುಂದೆ 'ದಿ.' ಸೇರಿಸಿದರು. ಯಂತ್ರಕ್ಕೆ ಮೊದಲ ಪದವೇ ಹೆಸರು. ಮರುದಿನ ಗೋಡೆಯ ಮೇಲೆ ಬಂತು: 'ಪ್ರಿಯ ದಿ, ನಿಮ್ಮನ್ನು ಕಾಣದೆ ಬಹಳ ದಿನವಾಯಿತು. ಮರಳಿ ಬಂದರೆ ರಿಯಾಯಿತಿ ಉಂಟು.' ಇಂಗ್ಲಿಷಿನಲ್ಲಿ 'ದಿ' ಡೆಫಿನಿಟ್ ಆರ್ಟಿಕಲ್. ಹೇಳುವವರಿಗೂ ಕೇಳುವವರಿಗೂ ಗೊತ್ತಿರುವ ಆ ಒಂದರ ಮುಂದೆ ಬರುತ್ತದೆ ಎಂದು ಮೇಷ್ಟ್ರು ಹೇಳಿದ್ದರು. ಅದನ್ನು ನೆನೆದು ಆ ಸಾಲನ್ನು ಇನ್ನೊಮ್ಮೆ ಓದಿದೆ.

ಕೊನೆಗೆ ಕಂಪನಿಗೇ ಹೋದೆ. ಅಲ್ಲಿನ ಹುಡುಗಿ ಪರದೆ ನೋಡಿ ನಕ್ಕಳು. "ಅಜ್ಜಾರ, ನೀವ ದಿನಾ ತಗದ ಓದತೀರಿ. ಯಂತ್ರಕ್ಕೇನ ಗೊತ್ತ? ಅಜ್ಜಿಗೆ ಎಣ್ಣಿ ಮ್ಯಾಲೆ ಭಾಳ ಪ್ರೀತಿ ಅಂತ ತಿಳ್ಕೋತದ. ಒಂದ ವರ್ಷ ಮುಟ್ಟಬ್ಯಾಡ್ರಿ, ತಾನ ಬಿಡತದ." ಮನೆಗೆ ಬಂದು ಇದನ್ನು ಹೇಳಿದರೆ ಚಂಪಾವತಿ, "ಅಪ್ಪಾ, ಕೂಸಿಗೆ ಹಲ್ಲ ಬಂದೂ, ಹೆಸರ ಬರಲಿಲ್ಲ. ಕೈ ಕಟ್ಟಿಕೊಂಡ ಕೂಡ್ರಾಕ ಆಗೂದಿಲ್ಲೇನ ನಿನಗ?" ಅಂದಳು.

ಆದ್ದರಿಂದ ಹಿರಿಯರೇ, ನಿಮ್ಮ ಬಲ್ಕ್ ಇಮೇಲ್ ತಂತ್ರಾಂಶ ಬಳಸುವಾಗ ಸ್ವಲ್ಪ ನೋಡಿಕೊಳ್ಳಿ. ನಮ್ಮ ಹೆಸರುಗಳ ಮುಂದೆ ಊರು, ಅಪ್ಪ, ಇನಿಷಿಯಲ್ಲು, ದಿವಂಗತ ಎಲ್ಲ ಇರುತ್ತವೆ. ಕರೆಯುವ ಹೆಸರಿಗೆ ಬೇರೆ ಕಾಲಂ ಮಾಡಿ. ಎಲ್ಲರಿಗೂ ತೂರುವ ಮೊದಲು ನಿಮಗೇ ಒಂದು ಕಳಿಸಿಕೊಂಡು ಓದಿ. ಕೇಳದವರಿಗೆ ಕಳಿಸಬೇಡಿ, ಯಾದಿ ಕೊಂಡುಕೊಳ್ಳಲೇಬೇಡಿ. ತೆರೆದು ನೋಡಿದವರೆಲ್ಲ ಗಿರಾಕಿಗಳು ಎಂದು ಲೆಕ್ಕ ಹಾಕಬೇಡಿ, ಜನ ಏನೇನಕ್ಕೋ ತೆರೆಯುತ್ತಾರೆ. ಸಾಕು ಎನ್ನುವ ಗುಂಡಿ ಕಣ್ಣಿಗೆ ಕಾಣುವಷ್ಟು ದೊಡ್ಡದಿರಲಿ, ಒಂದೇ ಸಲ ಒತ್ತಿದರೆ ಮುಗಿಯಲಿ. ಹೋದವರ ಪರವಾಗಿ ಉಳಿದವರೂ ಒತ್ತುವಂತಿರಲಿ.

ನಾನು ಒಂದನ್ನೂ ಮುಟ್ಟದೆ ಇವತ್ತು ಸಂಜೆಗೆ ವರ್ಷ ತುಂಬುತ್ತದೆ. ಬೆಳಿಗ್ಗೆ ಒಂದು ಬಂದಿದೆ. ತಲೆಬರಹ, 'ನಿಜವಾಗಿಯೂ ನಮ್ಮನ್ನು ಬಿಟ್ಟು ಹೋಗುತ್ತೀರಾ?' ಇಂಥ ತಲೆಬರಹ ಮಾತ್ರ ದಯವಿಟ್ಟು ಬರೆಯಬೇಡಿ. ಒಳಗೆ ಇರುವುದು ಎಣ್ಣೆಯ ದರ ಎಂದು ನನಗೆ ಗೊತ್ತು. ಆದರೂ ಕೈ ಹೋಗುತ್ತದೆ. ಮುಟ್ಟಿದರೆ ಕೂಸಿಗೆ ಇನ್ನೊಂದು ವರ್ಷ ಹೆಸರಿಲ್ಲ. ಕೈಗೆ ಬೇರೆ ಕೆಲಸ ಇರಲಿ ಎಂದೇ ಈ ಪತ್ರ ಬರೆಯಲು ಕೂತದ್ದು. ಹೇಳುವುದೆಲ್ಲ ಮುಗಿಯಿತು, ಹೊತ್ತು ಇನ್ನೂ ನೆತ್ತಿಯ ಮೇಲೇ ಇದೆ.

ಗುರುಶಾಂತಪ್ಪ