ರೊಟ್ಟಿ ಹಲಗೆ

ಫೆಸ್, ಗುರುವಾರ

ಅಮ್ಮಾ,

ಇವತ್ತು ತಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಅವನು ಮನೆಯಲ್ಲೇ ಇರಬಹುದೋ, ಮನೋರೋಗಿಗಳ ಆಶ್ರಮಕ್ಕೆ ಸೇರಿಸಬೇಕೋ ಎಂದು ತೀರ್ಮಾನಿಸಲು ಡಾಕ್ಟರಮ್ಮ ಪಟ್ಟಿ ಹಿಡಿದು ಕೂತಿದ್ದರು.

"ತಾನೇ ಸ್ನಾನ ಮಾಡ್ತಾನಾ? ಮನೆಗೆಲಸ ಏನಾದ್ರೂ?"

"ಏನೂ ಇಲ್ಲ. ಯಾರೋ ಕಿವೀಲಿ ಮಾತಾಡ್ತಾರೆ ಅಂತ ಗೋಡೆ ನೋಡ್ಕೊಂಡು ಕೂತಿರ್ತಾನೆ," ಎಂದೆ.

ಇದ್ರೀಸ್ ತಲೆ ಎತ್ತಿದ. "ಅಕ್ಕಾ, ಓಣಿಯವರೆಲ್ಲ ಬೇಯಿಸೋ ಒಲೆಗೆ ನಮ್ಮ ಹಸಿ ರೊಟ್ಟಿ ಒಯ್ತಿದ್ದೆನಲ್ಲ! ಐವತ್ತು ಮನೆ ರೊಟ್ಟಿ ಬೆರೆತಿದ್ರೂ ನಮ್ಮದು ಗುರುತು ಹಿಡೀತಿದ್ದೆ. ಒಲೆ ನೋಡ್ಕೊಳ್ಳೋ ಹಮ್ಮಾದ್, ನಿನ್ನ ಕಣ್ಣು ನಂಗೆ ಕೊಡೋ ಮಾರಾಯ ಅಂತಿದ್ದ."

"ಈಗಲೂ ಒಯ್ತೀಯಾ?" ಡಾಕ್ಟರಮ್ಮ ಕೇಳಿದರು.

ಅವನು ನನ್ನ ಮುಖ ನೋಡಿದ.

ನೀನು ತೀರಿಕೊಂಡ ಮೇಲೆ ನಾನು ಅಂಗಡಿ ರೊಟ್ಟಿಯನ್ನೇ ತರುತ್ತಿದ್ದೇನೆ. ತಲೆಯ ಮೇಲೆ ಹಲಗೆ ಹೊತ್ತು, ಒಬ್ಬನೇ ಮಾತಾಡುತ್ತಾ ಹೋಗುವ ಅವನನ್ನು ಕಂಡು ಓಣಿಯವರು ನಗುತ್ತಿದ್ದರು ಎಂದೇ ನಾನು ಅದನ್ನು ನಿಲ್ಲಿಸಿದ್ದೆ. ಅದನ್ನು ಡಾಕ್ಟರಮ್ಮನಿಗೆ ಹೇಳಲಿಲ್ಲ.

"ಕಳೆದ ತಿಂಗಳು ಮಾಡಿದ್ದಷ್ಟೇ ಲೆಕ್ಕಕ್ಕೆ," ಎಂದು ಅವರು ಸೊನ್ನೆ ಬರೆದರು. ಕೆಳಗೆ ನಾನು ಸಹಿ ಹಾಕಿದೆ.

ಭಾನುವಾರ ಅವನನ್ನು ಕರೆದೊಯ್ಯುತ್ತಾರೆ. ಸಂಜೆ ಅವನ ಬಟ್ಟೆ ಜೋಡಿಸಲು ಪೆಟ್ಟಿಗೆಗಾಗಿ ಮಂಚದ ಕೆಳಗೆ ಕೈ ಹಾಕಿದೆ. ನಿನ್ನ ಹಲಗೆ ಸಿಕ್ಕಿತು. ಚೂರೂ ಧೂಳಿರಲಿಲ್ಲ. ರೊಟ್ಟಿ ಮುಚ್ಚುವ ಬಟ್ಟೆಯನ್ನು ಒಗೆದು, ನಾಲ್ಕು ಮಡಿಕೆ ಮಾಡಿ ಅದರ ಮೇಲಿಟ್ಟಿದ್ದ. ಬಟ್ಟೆ ಇನ್ನೂ ಹಸಿಯಾಗಿತ್ತು.