ತಾತನ ಬನ್ನು

ಪೂಜ್ಯ ಮಾವನವರಿಗೆ,

ನಿಮ್ಮ ಮೊಮ್ಮಗ ಇವತ್ತು ಎದ್ದು ಕೂತಿದ್ದಾನೆ. ನಿಮ್ಮ ಬೇಕರಿಯ ಬನ್ನಿನ ಕೀರ್ತಿಗೆ ಯಾವ ಕುಂದೂ ಬಂದಿಲ್ಲ, ನೆಮ್ಮದಿಯಿಂದಿರಿ.

"ಸೊಸೆ ಕೈ ಬಿಗಿ, ಅದಕ್ಕೇ ಮಗು ಹಿಂಗೆ ಕಡ್ಡಿ ಆಗಿದೆ" ಎಂದು ಗಿರಾಕಿಗಳಿಗೆಲ್ಲ ಹೇಳಿದಿರಿ. ತಿಂದದ್ದು ಅವನ ಮೈಗೆ ಯಾಕೆ ಹತ್ತುವುದಿಲ್ಲ ಎಂದು ಡಾಕ್ಟರು ನಿಮ್ಮೆದುರಿಗೇ ಬಿಡಿಸಿ ಹೇಳಿದ್ದರು. ಸಣ್ಣ ಕರುಳಿನ ಒಳಗೆ ಹೊಸ ಟವೆಲಿನ ಎಳೆಗಳಂಥ ನವಿರಾದ ಕುಡಿಗಳಿರುತ್ತವೆ. ಊಟದ ಸತ್ವವನ್ನು ಹೀರಿಕೊಳ್ಳುವುದು ಅವೇ. ಇವನಿಗೆ ಗೋಧಿ ಆಗದು. ತಿಂದರೆ ಆ ಕುಡಿಗಳು ಸವೆದು ಚಪ್ಪಟೆಯಾಗುತ್ತವೆ. ಆಮೇಲೆ ಏನು ತಿನ್ನಿಸಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

"ಹಿಟ್ಟು ನಾದೋನಿಗೇ ಗೋಧಿ ಪಾಠ ಹೇಳ್ತಾನೆ" ಎಂದು ನಕ್ಕಿರಿ. ಮೊನ್ನೆ ಮಗುವಿನ ಜೇಬಿಗೆ ಬನ್ನು ತುರುಕಿ ನಿಮ್ಮ ಪಾಂಡಿತ್ಯ ಮೆರೆದಿರಿ.

ಸಂಜೆಗೆಲ್ಲ ಹೊಟ್ಟೆ ಹಿಡಿದುಕೊಂಡು ಹೊರಳಾಡಿದ. "ಏನು ತಿಂದೆಯೋ?" ಎಂದೆ.

"ತಾತ ಏನೂ ಕೊಟ್ಟಿಲ್ಲಮ್ಮ" ಎಂದ. ನಾನು ನಿಮ್ಮ ಹೆಸರನ್ನೇ ಎತ್ತಿರಲಿಲ್ಲ.

ಭಾನುವಾರ ಬನ್ನಿ, ನಿಮ್ಮನ್ನೇ ಕೇಳುತ್ತಿದ್ದಾನೆ. ಹಿಟ್ಟಿನ ಅಂಗಿ ಬದಲಿಸಿ, ಕೈ ತೊಳೆದು, ಬರಿಗೈಯಲ್ಲಿ ಬನ್ನಿ. ಜೇಬನ್ನು ಬಾಗಿಲಲ್ಲೇ ನೋಡುತ್ತೇನೆ.

ಇಂತಿ,
ನಿಮ್ಮ ಕೈ ಬಿಗಿ ಸೊಸೆ